ಮಂಡಿಗೆ ಯಾವುದು, ಸೊಸೈಟಿಗೆ ಯಾವುದು, ಹೋಂಸ್ಟೇಗೆ ಯಾವುದು: ಗಿರಾಕಿಗಳಿಗೆ ಸಂದೇಶ ಕಳಿಸುವ ದಾರಿಗಳ ಹೋಲಿಕೆ

ಶಿವಮೊಗ್ಗದಲ್ಲಿ ಅಂಗಡಿ, ಮಂಡಿ, ಕ್ಲಿನಿಕ್, ಹೋಂಸ್ಟೇ ಏನೇ ನಡೆಸುತ್ತಿದ್ದರೂ ಈಗ ಆಗಾಗ ಒಂದು ಫೋನ್ ಬರುತ್ತದೆ. "ಸರ್, ಬಲ್ಕ್ ವಾಟ್ಸಾಪ್ ಬೇಕಾ? ಎಸ್‌ಎಂಎಸ್ ಪ್ಯಾಕ್ ಕೊಡ್ಲಾ? ಚಾಟ್‌ಬಾಟ್ ಹಾಕ್ಕೊಡ್ತೀವಿ." ತಮ್ಮ ಕಂಪನಿ ಎಷ್ಟು ದೊಡ್ಡದು, ಯಾವ್ಯಾವ ಬ್ಯಾಂಕು ತಮ್ಮ ಗಿರಾಕಿ ಅನ್ನುವುದನ್ನು ಅವರು ಚೆನ್ನಾಗಿ ಹೇಳುತ್ತಾರೆ. ಆದರೆ ಹೊಸನಗರದ ಆಚೆಯ ತೋಟದ ಮನೆಗೆ ಜುಲೈ ತಿಂಗಳಲ್ಲಿ ಆ ಸಂದೇಶ ಮುಟ್ಟುತ್ತದಾ ಅಂತ ಕೇಳಿ ನೋಡಿ. ಅಲ್ಲಿಗೆ ಮಾತು ನಿಲ್ಲುತ್ತದೆ.

ನನ್ನ ಪ್ರಕಾರ ಆ ಪ್ರಶ್ನೆಯಿಂದಲೇ ಶುರು ಮಾಡಬೇಕು. ಸಂದೇಶ ಓದುವವರು ಯಾರು, ಅವರ ಕೈಯಲ್ಲಿ ಯಾವ ಫೋನಿದೆ, ಆ ಸುದ್ದಿಗಾಗಿ ಅವರು ಕಾಯುತ್ತಿದ್ದಾರಾ? ಈ ಮೂರಕ್ಕೆ ಉತ್ತರ ಗೊತ್ತಾದರೆ ಅರ್ಧ ಆಯ್ಕೆ ತಾನಾಗಿಯೇ ಆಗುತ್ತದೆ. ಕಂಪನಿಯ ಹೆಸರು ಆಮೇಲಿನ ಮಾತು.

ಈ ಕಂಪನಿಗಳು ಬೆಳೆದದ್ದು ಹೇಗೆ

ಇದನ್ನು ಸ್ವಲ್ಪ ತಿಳಿದುಕೊಂಡರೆ ಅವರು ಮಾರುತ್ತಿರುವುದು ಏನು ಅನ್ನುವುದು ಗೊತ್ತಾಗುತ್ತದೆ. ಗಪ್‌ಶಪ್ ಕಂಪನಿಯನ್ನೇ ನೋಡಿ. ಬೀರೂದ್ ಶೇಠ್ ಸ್ಥಾಪಿಸಿದ ಈ ಕಂಪನಿ ಮೊದಲು ಹೆಸರು ಮಾಡಿದ್ದು ಉಚಿತ ಗುಂಪು ಎಸ್‌ಎಂಎಸ್‌ನಿಂದ. ಒಬ್ಬರು ಕಳಿಸಿದರೆ ಗುಂಪಿನ ಎಲ್ಲರಿಗೂ ಹೋಗುತ್ತಿತ್ತು, ಖರ್ಚು ಕಂಪನಿಯದ್ದು. 2011ರ ಸೆಪ್ಟೆಂಬರಿನಲ್ಲಿ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒಂದು ಸಿಮ್‌ನಿಂದ ದಿನಕ್ಕೆ 100 ಎಸ್‌ಎಂಎಸ್ ಅಂತ ಮಿತಿ ಹಾಕಿತು. ಅದು ನೆನಪಿದೆ ಅಲ್ವಾ? ಮುಂದೆ ಕಂಪನಿ ಬ್ಯಾಂಕು, ದೊಡ್ಡ ವ್ಯಾಪಾರಿಗಳ ಸಂದೇಶ ಸಾಗಿಸುವ ಕೆಲಸಕ್ಕೆ ತಿರುಗಿತು. 2021ರ ಏಪ್ರಿಲ್‌ನಲ್ಲಿ 10 ಕೋಟಿ ಡಾಲರ್ ಹೂಡಿಕೆ ಬಂತು, ಕಂಪನಿಯ ಬೆಲೆ 140 ಕೋಟಿ ಡಾಲರ್ ಎಂದು ಕಟ್ಟಿದರು.

ಮುಂಬೈನ ರೂಟ್ ಮೊಬೈಲ್, ಹೈದರಾಬಾದಿನ ತಾನ್ಲಾ, ಅಮೆರಿಕದ ಟ್ವಿಲಿಯೋ ಇವೂ ಇದೇ ಬಗೆಯ ಸಂದೇಶ ಸಾಗಣೆಯಲ್ಲಿ ಬೆಳೆದವು. ಇವರ ಆದಾಯದ ಬುಡ ಒಂದೇ: ಒಂದೊಂದು ಸಂದೇಶಕ್ಕೆ ಇಷ್ಟು ಅಂತ. ನೀವು ಜಾಸ್ತಿ ಕಳಿಸಿದಷ್ಟೂ ಅವರಿಗೆ ಲಾಭ. ಅದರಲ್ಲಿ ತಪ್ಪೇನಿಲ್ಲ. ಆದರೆ "ವಾರಕ್ಕೆ ಎರಡಾದರೂ ಕಳಿಸಿ ಸರ್" ಅನ್ನುವ ಸಲಹೆ ಯಾರ ಲಾಭಕ್ಕೆ ಅನ್ನುವುದು ತಲೆಯಲ್ಲಿರಲಿ.

ಇನ್ನೊಂದು ಜಾತಿಯ ಕಂಪನಿಗಳು ಬೆಂಗಳೂರಿನ ಮೋಎಂಗೇಜ್, ಮುಂಬೈನ ಕ್ಲೆವರ್‌ಟ್ಯಾಪ್, ವೆಬ್‌ಎಂಗೇಜ್ ಥರದವು. ಇವು ಬೆಳೆದದ್ದು ಸ್ಮಾರ್ಟ್‌ಫೋನ್ ಆಪ್‌ಗಳ ಜೊತೆ. ಆಪ್‌ನಲ್ಲಿ ಯಾರು ಏನು ನೋಡಿದರು, ಎಲ್ಲಿ ಬಿಟ್ಟು ಹೋದರು, ಅವರನ್ನು ಯಾವಾಗ ಮತ್ತೆ ಕರೆಯಬೇಕು ಅನ್ನುವುದೇ ಇವರ ಕಸುಬು. ಲಕ್ಷಗಟ್ಟಲೆ ಬಳಕೆದಾರರಿರುವ ಆಪ್‌ಗೆ ಇದು ಬೇಕು. ಸ್ವಂತ ಆಪ್ ಇಲ್ಲದ ಮಂಡಿಗೆ ಬೇಡ. ಈ ಹೋಲಿಕೆಯಲ್ಲಿ ಇವರ ವಿಷಯ ಇಷ್ಟೇ ಸಾಕು.

ಮೊದಲು ಸಿಗ್ನಲ್ ವಿಚಾರ

ಮಲೆನಾಡಿನಲ್ಲಿ ಇದನ್ನು ಬಿಟ್ಟು ಬೇರೆ ಏನು ಹೋಲಿಸಿದರೂ ಪ್ರಯೋಜನವಿಲ್ಲ. ಎಸ್‌ಎಂಎಸ್‌ಗೆ ಇಂಟರ್ನೆಟ್ ಬೇಡ, ಒಂದು ಕಡ್ಡಿ ಸಿಗ್ನಲ್ ಇದ್ದರೂ ಬರುತ್ತದೆ. ಬಟನ್ ಫೋನಿಗೂ ಬರುತ್ತದೆ. ಫೋನ್ ಆಫ್ ಆಗಿದ್ದರೆ ಕಂಪನಿಯ ಸರ್ವರಿನಲ್ಲಿ ಸ್ವಲ್ಪ ಕಾಲ ಕಾದು, ಆನ್ ಆದ ಮೇಲೆ ಬಂದು ಬೀಳುತ್ತದೆ. ಹಾಗಾಗಿ ಹಳ್ಳಿಗೆ ಎಸ್‌ಎಂಎಸ್, ಪೇಟೆಗೆ ವಾಟ್ಸಾಪ್ ಅಂತ ಬಹಳ ಜನ ನಿರ್ಧಾರ ಮಾಡಿಬಿಡುತ್ತಾರೆ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಲೆಕ್ಕ ತಿರುಗಾಮುರುಗಾ. ಗುಡ್ಡದ ಮರೆಯಲ್ಲಿ ಮನೆ, ಮೊಬೈಲ್ ಸಿಗ್ನಲ್ ಸೊನ್ನೆ. ಆದರೆ ಫೈಬರ್ ಎಳೆಸಿಕೊಂಡು ವೈಫೈ ಹಾಕಿಸಿಕೊಂಡಿದ್ದಾರೆ. ಅಂಥ ಮನೆಗೆ ವಾಟ್ಸಾಪ್ ಸಲೀಸಾಗಿ ಬರುತ್ತದೆ, ಎಸ್‌ಎಂಎಸ್ ಸಾಮಾನ್ಯವಾಗಿ ಬರುವುದಿಲ್ಲ. ಬ್ಯಾಂಕಿನ ಓಟಿಪಿಗಾಗಿ ಗುಡ್ಡ ಹತ್ತುವ ಅಥವಾ ರಸ್ತೆಯ ತಿರುವಿನವರೆಗೆ ನಡೆದು ಹೋಗುವ ಜನ ಇವರೇ. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಯವರು ನೆಟ್‌ವರ್ಕ್‌ಗಾಗಿ ಹೋರಾಟವನ್ನೇ ಮಾಡಿದ್ದಾರೆ. ಈಗ ಸಿಗಂದೂರು ಸೇತುವೆ ಆಗಿದೆ. ಆದರೆ ರಸ್ತೆ ಬಂದಲ್ಲೆಲ್ಲ ಸಿಗ್ನಲ್ ಬಂದಿರುವುದಿಲ್ಲ.

ಮಳೆಗಾಲದಲ್ಲಿ ಇದಕ್ಕೆ ಕರೆಂಟ್ ಸೇರಿಕೊಳ್ಳುತ್ತದೆ. ಮರ ಬಿದ್ದು ಲೈನ್ ಹೋದರೆ ಮೊದಲು ಮನೆಯ ವೈಫೈ ಹೋಗುತ್ತದೆ, ಟವರಿನ ಬ್ಯಾಟರಿ ಮುಗಿದ ಮೇಲೆ ಮೊಬೈಲೂ ಹೋಗುತ್ತದೆ. ಮುಟ್ಟದ ವಾಟ್ಸಾಪ್ ಸಂದೇಶ ಸರ್ವರಿನಲ್ಲಿ 30 ದಿನದವರೆಗೆ ಉಳಿಯುತ್ತದೆ, ಹಾಗಾಗಿ ಕಳೆದುಹೋಗುವ ಭಯ ಇಲ್ಲ. ತಡವಾಗುವುದು ಮಾತ್ರ ಖಂಡಿತ. "ಇವತ್ತು ಸಂಜೆ 5ರ ಒಳಗೆ" ಅನ್ನುವ ಥರದ ಸಂದೇಶ ಈ ಕಾಲಕ್ಕೆ ಯಾವ ದಾರಿಯಲ್ಲೂ ಕೆಲಸಕ್ಕೆ ಬರುವುದಿಲ್ಲ.

ಆದ್ದರಿಂದ ಯಾವ ಕಂಪನಿಗೂ ಹಣ ಕಟ್ಟುವ ಮುಂಚೆ ನಿಮ್ಮ ಗಿರಾಕಿಗಳ ಪಟ್ಟಿ ತೆಗೆದು, ಒಂದೊಂದು ಹೆಸರಿನ ಮುಂದೆ ಬರೆದುಕೊಳ್ಳಿ: ವಾಟ್ಸಾಪಾ, ಎಸ್‌ಎಂಎಸ್ಸಾ, ಫೋನೇ ಮಾಡಬೇಕಾ. ಅಡಿಕೆ ತಂದಾಗ, ಬಿಲ್ ಬರೆಯುವಾಗ ಒಂದು ಮಾತು ಕೇಳಿದರೆ ಆಯಿತು. ನೂರಾರು ಹೆಸರಿದ್ದರೂ ಒಂದು ಸೀಸನ್ನಿನಲ್ಲಿ ಪಟ್ಟಿ ತಯಾರಾಗುತ್ತದೆ. ಈ ಪಟ್ಟಿಯನ್ನು ಯಾವ ಸಾಫ್ಟ್‌ವೇರೂ ನಿಮಗೆ ಮಾಡಿಕೊಡಲಾರದು.

ಎಸ್‌ಎಂಎಸ್: ಕನ್ನಡದಲ್ಲಿ ಬರೆದರೆ 70 ಅಕ್ಷರ

ಇಂಗ್ಲಿಷಿನ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಸುತ್ತದೆ. ಕನ್ನಡದಲ್ಲಿ 70 ಮಾತ್ರ. ಅದಕ್ಕಿಂತ ಉದ್ದವಾದರೆ ತುಂಡಾಗಿ ಹೋಗುತ್ತದೆ, ಆಗ ಒಂದೊಂದು ತುಂಡಿಗೆ 67. ಓದುವವರಿಗೆ ಅದು ಒಂದೇ ಸಂದೇಶವಾಗಿ ಕಾಣುತ್ತದೆ. ಬಿಲ್ ಮಾತ್ರ ತುಂಡಿನ ಲೆಕ್ಕದಲ್ಲಿ.

ಇದರಲ್ಲಿ ಇನ್ನೊಂದು ಮರ್ಮ ಇದೆ. ಕಂಪ್ಯೂಟರು ಎಣಿಸುವ ಅಕ್ಷರ ನಾವು ಎಣಿಸುವ ಅಕ್ಷರವಲ್ಲ. "ಶಿವಮೊಗ್ಗ" ನಮಗೆ ನಾಲ್ಕಕ್ಷರ. ಅದಕ್ಕೆ ಎಂಟು. ಶ, ಅದರ ಗುಡಿಸು, ವ, ಮ, ಅದರ ಒಕಾರ, ಗ, ಅರ್ಧಾಕ್ಷರದ ಗುರುತು, ಮತ್ತೊಂದು ಗ. ಗುಣಿತ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಹಾಗಾಗಿ "ಗೌರವಾನ್ವಿತ ಗ್ರಾಹಕರೇ" ಅಂತ ಶುರು ಮಾಡಿದರೆ 70ರಲ್ಲಿ 19 ಅಲ್ಲೇ ಹೋಯಿತು. ಅದರ ಬದಲು "ನಿಮ್ಮ ಅಡಿಕೆ ಹಣ ನಿಮ್ಮ ಖಾತೆಗೆ ಜಮಾ ಆಗಿದೆ" ಅನ್ನಿ. ಜಾಗ ಬಿಟ್ಟದ್ದೂ ಸೇರಿ 37. ಇನ್ನು ಉಳಿದ 33ರಲ್ಲಿ ಮೊತ್ತ, ತಾರೀಖು, ಮಂಡಿಯ ಹೆಸರು ಕೂತುಬಿಡುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ತುಂಡಿಗೆ 20 ಪೈಸೆ ಅಂದುಕೊಳ್ಳೋಣ. 1,000 ಸದಸ್ಯರಿಗೆ ಒಂದು ತುಂಡಿನ ಸಂದೇಶ 200 ರೂಪಾಯಿ. ಅದನ್ನೇ ವಿನಂತಿ, ನಮಸ್ಕಾರ, ಅಧ್ಯಕ್ಷರ ಹೆಸರು, ಕಾರ್ಯದರ್ಶಿಗಳ ಹೆಸರು ಸೇರಿಸಿ ಮೂರು ತುಂಡು ಮಾಡಿದರೆ 600. ದುಡ್ಡಿಗಿಂತ ಮುಖ್ಯವಾಗಿ, ಸಣ್ಣ ಪರದೆಯಲ್ಲಿ ಕನ್ನಡಕ ಹುಡುಕಿ ಓದುವವರಿಗೆ ಬೇಕಾದ ಸುದ್ದಿ ಮೊದಲ ಸಾಲಿನಲ್ಲೇ ಸಿಗಬೇಕು.

ಖರ್ಚು ಉಳಿಸಲಿಕ್ಕೆ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುವವರೂ ಇದ್ದಾರೆ. ದಯವಿಟ್ಟು ಬೇಡ. ಕನ್ನಡ ಓದಲಿಕ್ಕೆ ಬರುವ ಎಷ್ಟೋ ಹಿರಿಯರಿಗೆ ಅದು ಓದಲಿಕ್ಕೇ ಆಗುವುದಿಲ್ಲ.

ಇನ್ನು ಕಾಗದ ಪತ್ರದ ಕೆಲಸ. ಟ್ರಾಯ್‌ನ 2018ರ ನಿಯಮದ ಪ್ರಕಾರ ವ್ಯಾಪಾರದ ಎಸ್‌ಎಂಎಸ್ ಕಳಿಸುವ ಎಲ್ಲರೂ ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ನೋಂದಣಿ ಮಾಡಿಸಬೇಕು. ಸಂಸ್ಥೆಯ ದಾಖಲೆ ಕೊಡಬೇಕು, ಕಳಿಸುವವರ ಹೆಸರಾಗಿ ಕಾಣುವ ಹೆಡರ್ ಪಡೆಯಬೇಕು, ಕಳಿಸಲಿರುವ ಸಂದೇಶದ ಮಾದರಿಗೂ ಮೊದಲೇ ಒಪ್ಪಿಗೆ ಪಡೆಯಬೇಕು. ಮೊತ್ತ, ತಾರೀಖಿನಂಥ ಬದಲಾಗುವ ಜಾಗ ಮಾತ್ರ ಖಾಲಿ ಬಿಡಬಹುದು. 2021ರ ಮಾರ್ಚ್‌ನಲ್ಲಿ ಈ ತಪಾಸಣೆ ಜಾರಿಯಾದ ದಿನ ದೇಶದಾದ್ಯಂತ ಓಟಿಪಿಗಳೇ ನಿಂತುಹೋಗಿ, ಒಂದು ವಾರ ಅದನ್ನು ತಡೆಹಿಡಿಯಬೇಕಾಯಿತು. 2024ರ ಅಕ್ಟೋಬರಿನಿಂದ ಸಂದೇಶದೊಳಗಿನ ಲಿಂಕನ್ನೂ ಮೊದಲೇ ನೋಂದಾಯಿಸಬೇಕು. ಕಿರಿಕಿರಿ ಅನ್ನಿಸಬಹುದು. ಆದರೆ ನಕಲಿ ಸಂದೇಶಗಳಿಂದ ದುಡ್ಡು ಕಳೆದುಕೊಂಡವರನ್ನು ನೋಡಿದರೆ ಈ ಬೇಲಿ ಬೇಕು ಅಂತಲೇ ನನಗನ್ನಿಸುತ್ತದೆ. ಈಗ ಹೆಡರಿನ ಕೊನೆಗೆ ಒಂದು ಅಕ್ಷರವೂ ಬರುತ್ತದೆ. ಜಾಹೀರಾತಿಗೆ ಪಿ, ಸೇವೆಗೆ ಎಸ್, ವಹಿವಾಟಿಗೆ ಟಿ, ಸರ್ಕಾರಕ್ಕೆ ಜಿ. ಇದನ್ನು ನಿಮ್ಮ ಸದಸ್ಯರಿಗೂ ಹೇಳಿಕೊಡಿ.

ವಾಟ್ಸಾಪ್: ಉಚಿತ ಆಪ್ ಸಾಕಾ, ಎಪಿಐ ಬೇಕಾ?

ಇಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಏಜೆಂಟರು ಮೂರನ್ನೂ ಕಲಸಿ ಹೇಳುತ್ತಾರೆ.

ಮೊದಲನೆಯದು 2018ರ ಜನವರಿಯಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಆಪ್. ಆಪ್ ಉಚಿತ. ಕ್ಯಾಟಲಾಗ್ ಹಾಕಬಹುದು, ಪದೇ ಪದೇ ಕೊಡುವ ಉತ್ತರವನ್ನು ಬರೆದಿಟ್ಟುಕೊಳ್ಳಬಹುದು, ಗಿರಾಕಿಗಳಿಗೆ ಲೇಬಲ್ ಹಚ್ಚಬಹುದು. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ. ಅದಕ್ಕಿಂತ ದೊಡ್ಡ ತೊಡಕು ಅಂದರೆ, ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ನನಗೆ ಇದು ತೊಡಕಿಗಿಂತ ಒಳ್ಳೆಯದಾಗಿಯೇ ಕಾಣುತ್ತದೆ. ನಿಮ್ಮ ಸುದ್ದಿ ಬೇಕು ಅನ್ನುವವರು ನಂಬರು ಸೇವ್ ಮಾಡಿಕೊಂಡಿರುತ್ತಾರೆ.

ಎರಡನೆಯದು ಎಪಿಐ, ಅಂದರೆ ಫೋನಿನ ಆಪ್ ಬಿಟ್ಟು ಸಾಫ್ಟ್‌ವೇರಿನಿಂದಲೇ ವಾಟ್ಸಾಪ್ ಸಂದೇಶ ಕಳಿಸುವ ಅಧಿಕೃತ ದಾರಿ. 2018ರ ಆಗಸ್ಟ್‌ನಲ್ಲಿ ದೊಡ್ಡ ಕಂಪನಿಗಳಿಗಾಗಿ ಬಂತು, 2022ರಲ್ಲಿ ವಾಟ್ಸಾಪ್‌ನ ಒಡೆಯ ಕಂಪನಿ ಮೆಟಾ ತನ್ನದೇ ಕ್ಲೌಡ್ ಎಪಿಐ ಕೊಟ್ಟ ಮೇಲೆ ಸಣ್ಣವರ ಕೈಗೂ ಸಿಕ್ಕಿತು. ಗಪ್‌ಶಪ್, ವಾಟಿ, ಇಂಟರ್‌ಆಕ್ಟ್, ಐಸೆನ್ಸಿ ಇವೆಲ್ಲ ಮಾರುವುದು ಇದನ್ನೇ, ತಮ್ಮ ತಮ್ಮ ಪರದೆ ಜೋಡಿಸಿ. ಸಾವಿರಾರು ಜನರಿಗೆ ಕಳಿಸಬಹುದು, ಬಿಲ್ಲಿಂಗ್ ಸಾಫ್ಟ್‌ವೇರಿಗೆ ಸೇರಿಸಬಹುದು, ಒಂದೇ ನಂಬರಿನಿಂದ ನಾಲ್ಕಾರು ಜನ ಉತ್ತರ ಕೊಡಬಹುದು. 2025ರ ಜುಲೈ 1ರಿಂದ ಒಂದೊಂದು ಸಂದೇಶಕ್ಕೆ ದರ. ಗಿರಾಕಿ ತಾನಾಗಿ ಬರೆದರೆ 24 ಗಂಟೆಯ ತನಕ ನೀವು ಕೊಡುವ ಉತ್ತರ ಉಚಿತ. ನೀವಾಗಿ ಕಳಿಸುವ ಜಾಹೀರಾತು ಸಂದೇಶ ದುಬಾರಿ. ಬಿಲ್ಲು, ಅಪಾಯಿಂಟ್‌ಮೆಂಟ್ ಥರದ ಯುಟಿಲಿಟಿ ಸಂದೇಶ ಅದಕ್ಕಿಂತ ಎಷ್ಟೋ ಅಗ್ಗ.

ಯಾವುದು ಜಾಹೀರಾತು ಅನ್ನುವುದನ್ನು ತೀರ್ಮಾನಿಸುವುದು ನೀವಲ್ಲ, ಮೆಟಾ. "ಮೈಲುತುತ್ತ ಬಂದಿದೆ" ಅಂತ ತೋಟದ ಔಷಧಿ ಅಂಗಡಿಯವರು ಕಳಿಸಿದರೆ ರೈತರಿಗೆ ಅದು ಕಾಯುತ್ತಿದ್ದ ಸುದ್ದಿ. ಮೆಟಾ ಲೆಕ್ಕದಲ್ಲಿ ಜಾಹೀರಾತು. ಒಬ್ಬರಿಗೆ ಎಲ್ಲ ಕಂಪನಿಗಳಿಂದ ಸೇರಿ ಎಷ್ಟು ಜಾಹೀರಾತು ಸಂದೇಶ ಮುಟ್ಟಬಹುದು ಅನ್ನುವುದಕ್ಕೂ ಅದು ಮಿತಿ ಇಟ್ಟಿದೆ. ದೀಪಾವಳಿ ಹೊತ್ತಿಗೆ ದೊಡ್ಡ ಕಂಪನಿಗಳು ಆ ಜಾಗ ತುಂಬಿಬಿಟ್ಟರೆ ನಿಮ್ಮ ಸಂದೇಶ ಹೋಗದೇ ಉಳಿಯಬಹುದು.

ಮೂರನೆಯದು ಕಳ್ಳದಾರಿ. "ಒಂದು ಸಲ ದುಡ್ಡು ಕಟ್ಟಿ, ಎಷ್ಟು ಬೇಕಾದರೂ ಕಳಿಸಿ" ಅನ್ನುವ ಸಾಫ್ಟ್‌ವೇರು. ನಿಮ್ಮ ವಾಟ್ಸಾಪನ್ನು ಕ್ಯುಆರ್ ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿಗೆ ಜೋಡಿಸಿ, ಯಂತ್ರದಿಂದ ಕಳಿಸುತ್ತಾರೆ. ಸಂದೇಶದ ಮಾದರಿಗೆ ಒಪ್ಪಿಗೆ ಬೇಡ, ಸಂದೇಶಕ್ಕೆ ದರವಿಲ್ಲ ಅಂದರೆ ಅದು ಇದೇ ಅಂತ ತಿಳಿಯಿರಿ. ವಾಟ್ಸಾಪ್ ಪತ್ತೆ ಮಾಡಿದರೆ ನಂಬರನ್ನೇ ನಿಲ್ಲಿಸುತ್ತದೆ. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಗೊತ್ತಿರುವ ಮಂಡಿಯ ನಂಬರನ್ನು ಇದಕ್ಕೆ ಒಡ್ಡಬೇಡಿ.

ಇವೆಲ್ಲದರ ಮಧ್ಯೆ ಬಹಳ ಜನ ಮರೆಯುವುದು ವಾಟ್ಸಾಪ್ ಚಾನೆಲ್. 2023ರ ಸೆಪ್ಟೆಂಬರಿನಲ್ಲಿ ನಮ್ಮ ದೇಶಕ್ಕೆ ಬಂತು. ಉಚಿತ, ಎಷ್ಟು ಜನ ಬೇಕಾದರೂ ಸೇರಬಹುದು, ಸೇರಿದವರ ನಂಬರು ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ. ಗುಂಪಿನ ಹಾಗೆ ಗುಡ್ ಮಾರ್ನಿಂಗ್ ಚಿತ್ರಗಳ ಕಾಟವಿಲ್ಲ. ದಿನದ ಅಡಿಕೆ ಧಾರಣೆ ಹಾಕಲಿಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣಲಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು, ನಾಲ್ಕು ಬಗೆಯ ಅಡಿಕೆಗೆ ನಾಲ್ಕು ಸಾಲು, ತಾರೀಖು, ಮುಗಿಯಿತು.

ಕರೆ

ಧ್ವನಿ ಸಂದೇಶವನ್ನು ಹಳೆಯದು ಅಂತ ತಳ್ಳಿಹಾಕಬೇಡಿ. ಓದಲಿಕ್ಕೆ ಕಷ್ಟಪಡುವವರಿಗೆ ಗೊತ್ತಿರುವ ದನಿಯಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದು ಎಲ್ಲಕ್ಕಿಂತ ಸಲೀಸು. ಬೆಂಗಳೂರಿನ ಎಕ್ಸೋಟೆಲ್‌ನಂಥ ಕಂಪನಿಗಳು ಕರೆಯ ಸುತ್ತಲೇ ಬೆಳೆದಿವೆ. ಮಿಸ್ಡ್ ಕಾಲ್‌ನಿಂದಲೇ ಹೆಸರಾದ ಬೆಂಗಳೂರಿನ ಜಿಪ್‌ಡಯಲ್ ಅನ್ನು 2015ರಲ್ಲಿ ಟ್ವಿಟರ್ ಕೊಂಡುಕೊಂಡಿತು. ಆದರೆ ಜಾಹೀರಾತಿನ ಕರೆ 140ರ ಸಾಲಿನ ನಂಬರಿನಿಂದಲೇ ಬರಬೇಕು, ಆ ನಂಬರು ಕಂಡರೆ ಜನ ಎತ್ತುವುದಿಲ್ಲ. ಇನ್ನೂರು ಮುನ್ನೂರು ಸದಸ್ಯರ ಸೊಸೈಟಿಗೆ ನಾನು ಹೇಳುವುದು ಇಷ್ಟೇ: ಯಂತ್ರ ಬೇಡ, ಗುಮಾಸ್ತರೇ ಫೋನ್ ಮಾಡಲಿ.

ಆರ್‌ಸಿಎಸ್ ಅಂತಲೂ ಒಂದು ಇದೆ, ಎಸ್‌ಎಂಎಸ್‌ನ ಜಾಗದಲ್ಲೇ ಚಿತ್ರ, ಬಟನ್ ಎಲ್ಲ ಬರುತ್ತದೆ. ಜಾಹೀರಾತಿನ ಕಾಟ ಹೆಚ್ಚಾಗಿ 2022ರಲ್ಲಿ ಗೂಗಲ್ ಇಲ್ಲಿ ಅದಕ್ಕೆ ತಡೆ ಹಾಕಬೇಕಾಗಿ ಬಂದಿತ್ತು. ಅದಕ್ಕೂ ಇಂಟರ್ನೆಟ್ ಬೇಕು. ನಮ್ಮ ಸಣ್ಣ ವ್ಯಾಪಾರಗಳಿಗೆ ಸದ್ಯಕ್ಕೆ ಅವಸರವಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಅಡಿಕೆ ಮಂಡಿಗೆ ಎರಡು ದಾರಿ ಒಟ್ಟಿಗೆ ಬೇಕು. ಧಾರಣೆಗೆ ಚಾನೆಲ್. ತೂಕ ಆದ ಮೇಲೆ ಎಷ್ಟು ಚೀಲ, ಎಷ್ಟು ಕೆಜಿ, ಯಾವ ಧಾರಣೆಗೆ ಹೋಯಿತು, ಕೈಗೆ ಎಷ್ಟು ಅನ್ನುವುದಕ್ಕೆ ಎಸ್‌ಎಂಎಸ್ ಅಥವಾ ಯುಟಿಲಿಟಿ ವಾಟ್ಸಾಪ್, ರೈತರು ಹೇಳಿದ ದಾರಿಯಲ್ಲಿ. ಸುಲಿಸಿ, ಬೇಯಿಸಿ, ಒಣಗಿಸಿ ತಂದು ಹಾಕಿದವರು ಇದಕ್ಕಾಗಿಯೇ ಕಾಯುತ್ತಾರೆ. ಬೇರೆ ಎಲ್ಲ ಸಂದೇಶ ನಿಲ್ಲಿಸಿದರೂ ಪರವಾಗಿಲ್ಲ, ಇದೊಂದು ತಪ್ಪಬಾರದು.

ಪತ್ತಿನ ಸೊಸೈಟಿಗೆ ಕನ್ನಡ ಎಸ್‌ಎಂಎಸ್, ಒಂದೇ ತುಂಡು, ಲಿಂಕ್ ಇಲ್ಲದೆ. ಸಾಲದ ಕಂತಿನ ವಿಷಯ ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ. ಮರ್ಯಾದೆಯ ಪ್ರಶ್ನೆ ಅದು. ಮಹಾಸಭೆಯ ನೋಟೀಸು ನಿಯಮದ ಪ್ರಕಾರ ಹೋಗಬೇಕಾದ ಹಾಗೇ ಹೋಗಲಿ, ಸಂದೇಶ ನೆನಪಿಸಲಿಕ್ಕೆ ಮಾತ್ರ.

ಆಗುಂಬೆ, ಜೋಗದ ಕಡೆಯ ಹೋಂಸ್ಟೇಗೆ ಉಚಿತ ಬಿಸಿನೆಸ್ ಆಪ್ ಸಾಕೇ ಸಾಕು. ಬರುವವರು ಬೆಂಗಳೂರು, ಹುಬ್ಬಳ್ಳಿಯವರು, ಎಲ್ಲರ ಹತ್ತಿರ ವಾಟ್ಸಾಪ್ ಇದೆ. ನೀವು ಮಾಡಬೇಕಾದ್ದು ಒಂದೇ: ಲೊಕೇಶನ್ ಜೊತೆಗೆ ದಾರಿಯನ್ನು ಬರಹದಲ್ಲೂ ಫೋಟೋದಲ್ಲೂ ಕಳಿಸಿ, ಅದೂ ಅವರು ಶಿವಮೊಗ್ಗ ದಾಟುವ ಮುಂಚೆ. ಕಾಡು ಶುರುವಾದ ಮೇಲೆ ಮ್ಯಾಪು ತೆರೆಯುವುದಿಲ್ಲ. ಯಾವ ಕಮಾನಿನ ಹತ್ತಿರ ಎಡಕ್ಕೆ, ಯಾವ ಸೇತುವೆ ದಾಟಿ ಬಲಕ್ಕೆ ಅನ್ನುವ ಎರಡು ಸಾಲು, ತಾನೇ ಉತ್ತರ ಕೊಡುವ ಚಾಟ್‌ಬಾಟ್‌ಗಿಂತ ಮೇಲು.

ದುರ್ಗಿಗುಡಿಯ ಕ್ಲಿನಿಕ್‌ನಂಥ ಕಡೆ ದಿನಕ್ಕೆ ಹತ್ತಾರು ಅಪಾಯಿಂಟ್‌ಮೆಂಟ್ ಇದ್ದರೆ ಎಪಿಐ ಲಾಭ. ಕಾಯಿಲೆಯ ಹೆಸರು ಮಾತ್ರ ಸಂದೇಶದಲ್ಲಿ ಬರಬಾರದು. ಫೋನು ಮನೆಯ ಯಾರ ಕೈಯಲ್ಲಾದರೂ ಇರಬಹುದು.

ತೋಟದ ಔಷಧಿ ಅಂಗಡಿಯವರಿಗೆ ಒಂದು ವಿಶೇಷ ಅನುಕೂಲ ಇದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವುದು ಮಳೆ ಹಿಡಿಯುವ ಮುಂಚೆ ಒಂದು ಸಲ, ಅದಾದ 40-45 ದಿನಕ್ಕೆ ಮತ್ತೊಂದು ಸಲ. ಮೊದಲ ಸಲ ಮೈಲುತುತ್ತ, ಸುಣ್ಣ ಕೊಂಡ ದಿನವೇ "ಎರಡನೇ ಔಷಧಿಗೆ ನೆನಪಿಸಲಾ?" ಅಂತ ಕೇಳಿ ಬರೆದಿಟ್ಟುಕೊಳ್ಳಿ. ಬೇಕು ಅಂದವರಿಗೆ ಮಾತ್ರ ಕಳಿಸಿ. ಮಳೆ ಒಂದಿಷ್ಟು ಹೊಳವಾಗುವ ದಿನ ನೋಡಿ ಕಳಿಸಿದರಂತೂ ಇನ್ನೂ ಒಳ್ಳೆಯದು.

ಸಹಿ ಹಾಕುವ ಮುಂಚೆ

ಈ ಧಂಧೆಯಲ್ಲಿ ಕಂಪನಿಗಳು ಕೈ ಬದಲಾಗುತ್ತಲೇ ಇರುತ್ತವೆ. ಬೆಂಗಳೂರಿನ ಸೊಲ್ಯೂಶನ್ಸ್ ಇನ್ಫಿನಿ ಮುಂದೆ ಕಲೇರಾ ಆಯಿತು, 2023ರಲ್ಲಿ ಟಾಟಾ ಕಮ್ಯುನಿಕೇಶನ್ಸ್ ಅದನ್ನು ಕೊಂಡಿತು. ವ್ಯಾಲ್ಯೂಫಸ್ಟ್ 2021ರಲ್ಲಿ ಟ್ವಿಲಿಯೋಗೆ ಹೋಗಿ, 2023ರಲ್ಲಿ ತಾನ್ಲಾ ಪಾಲಾಯಿತು. ರೂಟ್ ಮೊಬೈಲ್ ಈಗ ಬೆಲ್ಜಿಯಂನ ಪ್ರಾಕ್ಸಿಮಸ್ ಕೈಯಲ್ಲಿದೆ. ಕಂಪನಿ ಎಷ್ಟೇ ದೊಡ್ಡದಿರಲಿ, ನಾಳೆ ನಿಮ್ಮ ಫೋನೆತ್ತುವವರು ಬೇರೆಯವರಾಗಬಹುದು. ಹಾಗಾಗಿ ಡಿಎಲ್‌ಟಿ ನೋಂದಣಿ, ಹೆಡರು, ಮೆಟಾ ಖಾತೆ, ಫೋನ್ ನಂಬರು ನಾಲ್ಕೂ ನಿಮ್ಮ ಹೆಸರಿನಲ್ಲೇ ಇರಲಿ, ಏಜೆಂಟರ ಹೆಸರಿನಲ್ಲಿ ಬೇಡ. ಗಿರಾಕಿಗಳ ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲೂ ಒಂದು ಇರಲಿ. ಮೆಟಾ ದರದ ಮೇಲೆ ಇವರು ಎಷ್ಟು ಸೇರಿಸುತ್ತಾರೆ, ಸಂದೇಶ ಕಳಿಸದ ತಿಂಗಳಲ್ಲೂ ಬಾಡಿಗೆ ಇದೆಯಾ ಅನ್ನುವುದನ್ನು ಬರಹದಲ್ಲಿ ಕೇಳಿ. ನಮ್ಮ ವ್ಯಾಪಾರ ಸೀಸನ್ನಿನದ್ದು. ವರ್ಷಪೂರ್ತಿ ಬಾಡಿಗೆ ಕಟ್ಟುವುದು ಸುಮ್ನೆ ದಂಡ.

2023ರ ದತ್ತಾಂಶ ರಕ್ಷಣೆ ಕಾಯ್ದೆ ಇದೆ. ಯಾರದ್ದೋ ಮದುವೆ ಪಟ್ಟಿ, ಸಂಘದ ಪಟ್ಟಿಯಿಂದ ತಂದ ನಂಬರುಗಳಿಗೆ ಕಳಿಸಬೇಡಿ. ಒಪ್ಪಿಗೆ ಕೇಳಿ, ಕೇಳಿದ ತಾರೀಖು ಬರೆದಿಡಿ, ಬೇಡ ಅಂದವರನ್ನು ಅದೇ ದಿನ ತೆಗೆಯಿರಿ.

ನೋಂದಣಿ, ಮಾದರಿಗಳ ಒಪ್ಪಿಗೆ ಎಲ್ಲ ಮುಗಿಯಲಿಕ್ಕೆ ದಿನ ಹಿಡಿಯುತ್ತದೆ, ಒಂದೆರಡು ಸಲ ತಿರಸ್ಕಾರವೂ ಆಗುತ್ತದೆ. ಕೊನೆಕೊಯ್ಲು ಶುರುವಾದ ಮೇಲೆ ಮಂಡಿಯಲ್ಲಿ ಯಾರಿಗೂ ಇದಕ್ಕೆ ಪುರುಸೊತ್ತು ಇರುವುದಿಲ್ಲ. ಮಳೆಗಾಲದಲ್ಲೇ ಅರ್ಜಿ ಹಾಕಿ. ಮೊದಲು ಒಂದು ಹೋಬಳಿಯ ಗಿರಾಕಿಗಳಿಗೆ ಮಾತ್ರ ಕಳಿಸಿ, ಎಷ್ಟು ಜನರಿಗೆ ಮುಟ್ಟಿತು ಅಂತ ಫೋನ್ ಮಾಡಿ ಕೇಳಿ. ಆಮೇಲೆ ಉಳಿದ ತಾಲ್ಲೂಕುಗಳಿಗೆ ಹೋಗಿ.